ಕಂಬಿಯ ಮುಂದೆ ಬಿಚ್ಚಿದ ಗಂಟು

ಮಾನ್ವಿ,
ಫಾಲ್ಗುಣ ಬಹುಳ ಬಿದಿಗೆ, ೧೯೪೫

ದೇವದುರ್ಗದಲ್ಲಿರುವ ನನ್ನ ತಂಗಿ ಮಾನವ್ವಗೆ ಅಕ್ಕ ಹಂಪಮ್ಮನ ಆಶೀರ್ವಾದ.

ನಾವು ಇಲ್ಲಿ ಕ್ಷೇಮ. ನಾವು ಎಂದು ಬರೆದದ್ದು ಕೈತಪ್ಪಿ ಅಲ್ಲ. ನಿನ್ನ ಮಗಳು ಸೂಗವ್ವ ನನ್ನ ಮನೆಯಲ್ಲಿದ್ದಾಳೆ, ಶ್ರೀಶೈಲದ ದಾರಿಯಲ್ಲಿ ಇಲ್ಲ. ಈ ಸುದ್ದಿ ರಾಯಚೂರಿನ ನಿನ್ನ ಬೀಗರ ಬಾಯಿಂದ ಬಣ್ಣ ಹಚ್ಚಿಕೊಂಡು ಬರುವುದಕ್ಕೆ ಮೊದಲು ನನ್ನಿಂದ ಬರಲಿ ಎಂದು ಬರೆಯುತ್ತಿದ್ದೇನೆ. ನಿನಗೆ ಅಕ್ಷರ ಕಲಿಸಿದವಳು ನಾನೇ. ಯಾರ ಕೈಲೂ ಓದಿಸಬೇಡ, ತಡವಾದರೂ ನೀನೇ ಓದು.

ನಿನ್ನ ಬೀಗತಿ ನನ್ನನ್ನು ಕರೆಸಿದ್ದು ಗಂಟು ಕಟ್ಟಿಕೊಡಲಿಕ್ಕೆ. ನಾನು ಹಿಂದೆ ಹೆಗಲ ಮೇಲೆ ದೇವರ ಕಂಬಿ ಹೊತ್ತವರ ಸಂಗಡ ಶ್ರೀಶೈಲಕ್ಕೆ, ಮಲ್ಲಯ್ಯನ ಬೆಟ್ಟಕ್ಕೆ, ನಡೆದವಳು, ಏನು ಒಯ್ಯಬೇಕು ಏನು ಬಿಡಬೇಕು ಬಲ್ಲವಳು ಎಂದು. ಹೋಗಿ ಜೋಳದ ರೊಟ್ಟಿ ಬಡಿದು, ಕಟಕಾಗುವಂತೆ ಒಣಗಿಸಿದೆ. ಶೇಂಗಾ ಹಿಂಡಿ ಕುಟ್ಟಿದೆ. ಉಟ್ಟದ್ದೊಂದು ಸೀರೆ, ಒಣಗುವುದೊಂದು. ಹಾಸಲಿಕ್ಕೂ ಹೊದೆಯಲಿಕ್ಕೂ ಒಂದೇ ಕೌದಿ. ಒಂದು ತಂಬಿಗೆ, ಅಂಗಾಲಿಗೆ ಔಡಲ ಎಣ್ಣೆ. ಅಷ್ಟೇ ಎಂದು ಹೇಳಿದೆ. ಭೀಮನಕೊಳ್ಳ ಏರುವಾಗ ಕೊರಳಿನ ತಾಳಿಯೂ ಭಾರವಾಗುತ್ತದೆ. ಹೌದು ಹೌದು ಎಂದು ಎಲ್ಲರೂ ತಲೆ ಆಡಿಸಿದರು. ಆ ತಲೆಗಳನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಸೂಗವ್ವಗೆ ಮೂರು ತಿಂಗಳು ಎಂಬುದು ನಿನಗೆ ಗೊತ್ತು. ಹೋದ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ಅವರು ಹರಕೆ ಹೊತ್ತಿದ್ದರು: ಸೊಸೆ ಮತ್ತೆ ಬಸಿರಾದರೆ ಮನೆಮಂದಿಯೆಲ್ಲ ಯುಗಾದಿಗೆ ನಡೆದು ಬರುತ್ತೇವೆ ಎಂದು. ಬಸುರಿಯನ್ನು ಮನೆಯಲ್ಲಿ ಬಿಟ್ಟು ನೀವು ನಡೆಯಿರಿ, ಅವಳು ಬರುವ ವರ್ಷ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಡೆಯಲಿ ಎಂದು ನಾನು ಹೇಳಿದೆ. ಬೀಗತಿ ಎಲೆಗೆ ಸುಣ್ಣ ಸವರುತ್ತ, "ದೇವರಿಗಿ ಇವತ್ತ ಹೋಗು ನಾಳಿ ಬಾ ಅನ್ನಾಕ ಬರ್ತದೇನ್ರಿ, ಅಕ್ಕಾರ?" ಎಂದಳು. ನೀನೂ ಅತ್ತೆಗೆ ಎದುರಾಡಬೇಡವೆಂದು ಮಗಳಿಗೆ ಹೇಳಿ ಕಳಿಸಿದ್ದೆಯಂತೆ. ನಾನೂ ಒಪ್ಪಿಕೊಂಡೆ. ಬರೀ ನಡೆಯುವುದಾದರೆ ನಡೆದಾಳು, ನಮ್ಮ ಹೆಣ್ಣುಮಕ್ಕಳು ಹೊಲದಲ್ಲೇ ಹಡೆದವರು ಎಂದು ಸಮಾಧಾನ ಮಾಡಿಕೊಂಡೆ.

ಹುಣ್ಣಿಮೆಯ ಬೆಳಿಗ್ಗೆ ಗುಡಿಯ ಕಟ್ಟೆಯ ಮೇಲೆ ಕಂಬಿಯ ಪೂಜೆ. ಕಂಬಿ ಮೇಳದ ಕಟ್ಟಳೆ ನಿನಗೆ ನೆನಪಿರಬೇಕು. ನಡೆಯುವವರೆಲ್ಲ ತಮ್ಮ ತಮ್ಮ ಗಂಟು ತಂದು ಕಂಬಿಯ ಮುಂದೆ ಇಡಬೇಕು. ಹಿರಿಯ ಒಂದೊಂದನ್ನೂ ಎತ್ತಿ ನೋಡಿ ವಿಭೂತಿ ಹಚ್ಚುತ್ತಾನೆ. ಆಮೇಲೆ ಆ ಗಂಟು ಕೈ ಬದಲಾಗುವಂತಿಲ್ಲ, ಇಟ್ಟವರೇ ಹೊರಬೇಕು. ಆ ಭಾರವೇ ಮಲ್ಲಯ್ಯನಿಗೆ ಮಾಡುವ ಸೇವೆ. ಈಗಿನ ಹಿರಿಯ ಗಬ್ಬೂರಿನ ಮಾಳಿಂಗಪ್ಪ. ಅವನು ಬೀಗ ರಾಮಲಿಂಗಪ್ಪನ ಗಂಟು ಎತ್ತಿದ, ಬೀಗತಿಯದನ್ನು ಎತ್ತಿದ, ಮಕ್ಕಳಿಬ್ಬರದೂ ಎತ್ತಿದ. ಎಲ್ಲ ಅರಳೆಯ ಹಾಗೆ ಮೇಲೆದ್ದವು. "ಸಾಹುಕಾರ್ರನ್ನ ನೋಡಿ ಕಲೀರಿ. ಆಸಿ ಬಿಟ್ಟು ಹೊಂಟಾರ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ರಾಮಲಿಂಗಪ್ಪ ಕಣ್ಣು ಮುಚ್ಚಿ ಕೈ ಮುಗಿದ.

ಸೂಗವ್ವ ಎಲ್ಲಿ ಎಂದು ನಾನು ಹುಡುಕಿಕೊಂಡು ಎದುರಿನ ಅವರ ಮನೆಗೆ ಹೋದೆ. ಒಳಕೋಣೆಯಲ್ಲಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಒಂದು ಗಂಟು, ಅವಳಿಗಿಂತ ದಪ್ಪ. ಅದನ್ನು ಹೊತ್ತು ಏಳುವುದು ಹೇಗೆಂದು ನೋಡುತ್ತಿದ್ದಳು. ಇದು ಕಂಬಿಯ ಮುಂದೆ ಯಾಕಿಲ್ಲ ಎಂದರೆ, ಸೊಸೆಯ ಗಂಟು ಆಳಿನ ಹೊರೆ ಇದ್ದಂತೆ, ಅದಕ್ಕೆ ಪೂಜೆ ಇಲ್ಲ ಎಂದು ಅತ್ತೆ ಹೇಳಿದ್ದಾಳಂತೆ. ನಾನು ಒಂದು ಮೂಲೆ ಹಿಡಿದು ಎತ್ತಲು ಹೋದೆ, ಏಳಲಿಲ್ಲ. ಒಳಗಿನಿಂದ ಕನರಿದ ತುಪ್ಪದ ವಾಸನೆ ಬಂತು. ಮಾನವ್ವ, ನಾನು ಕಟ್ಟಿಕೊಟ್ಟದ್ದರಲ್ಲಿ ತುಪ್ಪವೇ ಇರಲಿಲ್ಲ.

ಎತ್ತಲಾಗದಿದ್ದರೆ ಎಳೆಯಬಹುದಲ್ಲ. ದರದರ ಎಳೆದುಕೊಂಡು ಹೋಗಿ ಕಂಬಿಯ ಮುಂದೆ ಬಿಚ್ಚಿದೆ. ಬೀಗತಿಯ ಬೇಸನ್ ಉಂಡೆಯ ಡಬ್ಬಿ, ಆಗಲೇ ಇರುವೆ ಮುತ್ತಿದ್ದು. ರಾಮಲಿಂಗಪ್ಪನ ಹಿತ್ತಾಳೆಯ ಪಾನದಾನ, ಅಡಕತ್ತರಿ ಸಮೇತ. ಒಂದು ಅರಳೆಯ ಗಾದಿ. ಹಿರಿಯ ಮಗನ ಬೂಟು, ಕೆಸರು ಕೂಡ ಒರೆಸದೆ ರೊಟ್ಟಿಯ ಪಕ್ಕಕ್ಕೇ ತುರುಕಿದ್ದು. ತಳದಲ್ಲಿ ಗೋಣಿಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದಿತ್ತು. ಅದನ್ನು ಮಾತ್ರ ನಾನು ಬಿಚ್ಚಲಿಲ್ಲ.

ಯಾರದು ಅವರು ತಗೊಳ್ಳಿ ಎಂದ ಮಾಳಿಂಗಪ್ಪ. ಒಬ್ಬರೂ ಮುಂದೆ ಬರಲಿಲ್ಲ. ತೆಗೆದುಕೊಂಡರೆ ಒಪ್ಪಿಕೊಂಡಂತೆ. ಬೀಗತಿ ಸೆರಗು ಸರಿಮಾಡಿಕೊಂಡು, "ಎಲ್ಲಾ ಆಕೀವ ರೀ. ಬಸುರಿ ಬಯಕಿ," ಎಂದಳು.

"ಬೂಟೂ ಬಯಕಿಗೇನವ್ವಾ?" ಎಂದ ಮಾಳಿಂಗಪ್ಪ.

ನೆರೆದವರು ನಕ್ಕರು. ನನಗೆ ನಗು ಬರಲಿಲ್ಲ. ನಿನ್ನ ಅಳಿಯ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದ. ಅವನ ಪಂಚೆ, ಅವನ ಕ್ಷೌರದ ಕತ್ತಿ, ಎಲ್ಲ ಅಲ್ಲೇ ಬಿದ್ದಿದ್ದವು. ಹೆಂಡತಿಯ ಹೊಟ್ಟೆಯಲ್ಲಿರುವುದೂ ತನ್ನದೇ ಎಂದು ಅವನಿಗೆ ಹೊಳೆದಂತೆ ಕಾಣಲಿಲ್ಲ. ಉಗುಳಬೇಕೆನಿಸಿತು; ದೇವರ ಕಟ್ಟೆ ಎಂದು ನುಂಗಿಕೊಂಡೆ.

ಆಗ ಸೂಗವ್ವ ಬಂದಳು. ತಲೆಯ ಮೇಲೆ ಇನ್ನೂ ಬರೀ ಸಿಂಬಿ. ಬಗ್ಗಿ ತನ್ನ ಕೌದಿ ಒಂದನ್ನು ಎತ್ತಿಕೊಂಡಳು. "ನಂದು ಇದೊಂದ ರೀ, ಮುತ್ಯಾ," ಎಂದಳು.

ಮಾಳಿಂಗಪ್ಪ ಆ ಕೌದಿಗೆ ವಿಭೂತಿ ಹಚ್ಚಿದ. ಬಸುರಿಯ ಹರಕೆಯನ್ನು ಮಲ್ಲಯ್ಯ ಬರುವ ವರ್ಷ ತಗೊಳ್ತಾನೆ, ನೀನು ಮನೆಗೆ ಹೋಗವ್ವಾ ಎಂದ. ಯಾವ ಮನೆ ಎಂದು ಅವನು ಹೇಳಲಿಲ್ಲ. ಅದನ್ನು ನಾನು ಗೊತ್ತು ಮಾಡಿದೆ. ಮೋಟಾರು ಸ್ಟ್ಯಾಂಡಿಗೆ ಕರೆದುಕೊಂಡು ಬಂದುಬಿಟ್ಟೆ. ನಾವು ತಿರುಗಿ ನೋಡಿದಾಗ ಪಾನದಾನ ಇನ್ನೂ ಕಟ್ಟೆಯ ಮೇಲೇ ಹೊಳೆಯುತ್ತಿತ್ತು, ದಿಕ್ಕಿಲ್ಲದ ಕೂಸಿನ ಹಾಗೆ.

ಯುಗಾದಿ ಮುಗಿಸಿ ಬಂದ ಮೇಲೆ ಅವರು ನಿನ್ನ ಬಾಗಿಲಿಗೆ ಬರುತ್ತಾರೆ. ಸೊಸೆಯನ್ನು ಕಳಿಸು, ಮರ್ಯಾದೆ ಹೋಯಿತು ಎನ್ನುತ್ತಾರೆ. ಹೆರಿಗೆ ಆಗುವ ತನಕ ಕಳಿಸುವುದಿಲ್ಲ ಎಂದು ಹೇಳು. ನಿನಗೆ ಹೇಳಲು ಬಾಯಿ ಬರದಿದ್ದರೆ ಅಕ್ಕನ ಹತ್ತಿರ ಹೋಗಿ ಕೇಳಿರಿ ಎನ್ನು. ಮಾನ್ವಿಯ ದಾರಿ ಅವರಿಗೆ ಗೊತ್ತಿದೆ, ನಡೆದು ರೂಢಿಯೂ ಆಗಿರುತ್ತದೆ.

ಸಿಟ್ಟಿನಲ್ಲಿ ಬರೆದರೂ ನಿನ್ನ ಒಡಹುಟ್ಟಿದವಳೇ ಆದ
ಹಂಪಮ್ಮ

ತಾ. ಕ.: ಗೋಣಿಯಲ್ಲಿ ಸುತ್ತಿದ್ದನ್ನು ಅಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ, ನಾನೇ ಹೊತ್ತು ತಂದೆ. ಮೇಲಿನಿಂದ ಮುಟ್ಟಿದಾಗಲೇ ತಿಳಿದಿತ್ತು. ನಮ್ಮವ್ವನ ಹಿತ್ತಾಳೆಯ ದೀಪದ ಕಂಬ, ನೀನು ಮದುವೆಯಲ್ಲಿ ದೇವದುರ್ಗಕ್ಕೆ ಒಯ್ದದ್ದು. ಮೊಮ್ಮಗುವಿಗಾಗಿ ಮಲ್ಲಯ್ಯನಿಗೆ ಒಪ್ಪಿಸಲು ನೀನೇ ಕಳಿಸಿದೆಯಂತೆ, ಹೇಗೂ ಮಗಳು ಹೋಗುತ್ತಾಳಲ್ಲ ಎಂದು. ಆ ಗಂಟಿನಲ್ಲಿ ಅದಕ್ಕಿಂತ ಭಾರದ್ದು ಬೇರೆ ಇರಲಿಲ್ಲ. ಈಗ ನನ್ನ ಪಡಸಾಲೆಯಲ್ಲಿದೆ. ಬಂದು ನೀನೇ ಹೊತ್ತುಕೊಂಡು ಹೋಗು. ಸೂಗವ್ವ ನಿನ್ನನ್ನು ದೂರಲಿಲ್ಲ. ಅದು ತಳದಲ್ಲಿ ಯಾಕಿತ್ತು ಎಂದು ಕೇಳಿದೆ. ಅವ್ವ ಕಳಿಸಿದ್ದು ಎಂದು ಎಲ್ಲಕ್ಕಿಂತ ಮೊದಲು ಕಟ್ಟಿದ್ದಳಂತೆ.