ಅಕ್ಕಾ, ಅಪ್ಪನ ಮುಂದೆ ಹೇಳಿಬಿಟ್ಟೆ

ಗಂಗಕ್ಕಾ,

ಒಲೆಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಈ ಮನೆಯಲ್ಲಿ ಆಡುವುದು ಕನ್ನಡವಾದರೂ ಎಲ್ಲರೂ ಕಲಿತದ್ದು, ಓದುವುದು ಮರಾಠಿ. ಕನ್ನಡದಲ್ಲಿ ಬರೆದರೆ ಯಾರಿಗೂ ಓದಲು ಬಾರದು ಎಂಬ ಧೈರ್ಯವಷ್ಟೇ ನನಗೆ.

ನೀನು ತಡವಳದ ಮನೆ ಬಿಟ್ಟ ಬೆಳಗು ಕಣ್ಣ ಮುಂದಿದೆ. ಆಗ ನನಗೆ ಹನ್ನೆರಡು ವರ್ಷ. ನರ್ಸಿಂಗ್ ಕಲಿಯಲು ಸೊಲ್ಲಾಪುರಕ್ಕೆ ಹೋಗಿದ್ದ ನೀನು ಊರಿಗೆ ಬಂದು, ಪಡಸಾಲೆಯಲ್ಲಿ ನಿಂತು, ಯೇಸುವಿನ ಹೆಸರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಿದ್ದೇನೆ ಎಂದೆ. ಅಪ್ಪ ಕೂಗಾಡಲಿಲ್ಲ. "ನನ್ನ ಪಾಲಿಗೆ ನೀ ಸತ್ತಿ, ನಡಿ," ಎಂದ. ಮುಂದೆ ನನ್ನನ್ನು ಇದೇ ಸೊಲ್ಲಾಪುರದಲ್ಲಿ, ವಿಜಾಪುರ ರಸ್ತೆಯ ಈ ಬಟ್ಟೆ ವ್ಯಾಪಾರಿಗಳ ಮನೆಗೆ ಕೊಡುವಾಗಲೂ, ಹಿರಿಯ ಮಗಳು ಜ್ವರದಲ್ಲಿ ತೀರಿಕೊಂಡಳೆಂದೇ ಬೀಗರಿಗೆ ಹೇಳಿದ. ಆ ಸುಳ್ಳನ್ನು ನಾನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಮಗಳು ಹುಟ್ಟಿದಾಗ ನನಗೆ ಬಾಣಂತಿ ಜ್ವರ ಏರಿತ್ತಲ್ಲ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೆ ಎದುರಿಗೆ ನೀನು. "ಸುಮ್ಮನ ಮಲಕೋ. ನಾ ಯಾರಂತ ಯಾರ ಮುಂದೂ ಹೇಳಬ್ಯಾಡ," ಎಂದು ಕಿವಿಯಲ್ಲಿ ಹೇಳಿದೆ. ಒಂಬತ್ತು ದಿನ ನನ್ನ ಮೈ ಒರೆಸಿದೆ. ಏನು ಗುನುಗುತ್ತೀ ಎಂದು ಕೇಳಿದರೆ, "ಈಕಿನ್ನ ಉಳಸಪ್ಪಾ ಅಂತ ಯೇಸುವಿಗೆ ಕೇಳಾಕತ್ತೀನಿ," ಎಂದೆ. ಆಮೇಲೆ ನಾಲ್ಕು ವರ್ಷ, ಕಾಯಿಪಲ್ಲೆ ತರುವ ನೆವದಲ್ಲಿ ನಿನ್ನ ಕೋಣೆಗೆ ಬಂದು ಬೈಬಲ್ ಓದಿಸಿಕೊಂಡು ಹೋದೆ. ನಂಬಿದ್ದು ಯಾವ ದಿನ? ಹೇಳಲಾರೆ. ಒಂದು ಬೆಳಗ್ಗೆ ರೊಟ್ಟಿ ಹಿಟ್ಟು ನಾದುತ್ತ ನಾನೇ ಆತನೊಡನೆ ಮಾತಾಡುತ್ತಿದ್ದೆ, ಅಷ್ಟೆ. ಗೊತ್ತಾದ ಕೂಡಲೇ ಬಾಗಿಲ ಕಡೆ ನೋಡಿದೆ, ಯಾರಾದರೂ ಕೇಳಿಸಿಕೊಂಡರೋ ಎಂದು.

"ಎಲ್ಲಾರ ಮುಂದ ಹೇಳದಿದ್ರ ನಡೀತೈತೇನಕ್ಕಾ?" ಎಂದು ಕೇಳಿದ್ದೆನಲ್ಲ. ನೀನು ಒತ್ತಾಯ ಮಾಡಲಿಲ್ಲ. "ಅಪ್ಪನ ಮುಂದ ಹೇಳೂವಾಗ ನನಗೂ ಅಂಜಿಕಿ ಇತ್ತು," ಎಂದಷ್ಟೇ ಅಂದೆ.

ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಆದದ್ದನ್ನು ನೀನು ಮರೆತಿರಬಹುದು. ನಾನು ಹೇಗೆ ಮರೆಯಲಿ? ದರ್ಶನ ಮುಗಿಸಿ ಅತ್ತೆಯವರೊಂದಿಗೆ ನಿಂತಿದ್ದೆ. ನೀನು ನನ್ನನ್ನು ಕಂಡು ನಕ್ಕೆ. "ಯಾರಾಕಿ?" ಎಂದು ಅತ್ತೆ ಕೇಳಿದರು. "ದವಾಖಾನಿ ನರ್ಸ್ ಬಾಯಿರಿ, ಒಮ್ಮೆ ಸೂಜಿ ಮಾಡಿದ್ಲು," ಎಂದೆ. ನಿನಗೆ ಕೇಳಿಸಿತು. ನೀನು ಅತ್ತೆಗೆ ಕೈಮುಗಿದು ಬಸ್ಸು ಹತ್ತಿದೆ. ಕಿಟಕಿಯಲ್ಲಿ ಒಮ್ಮೆಯಾದರೂ ತಿರುಗಿ ನೋಡಬಾರದಿತ್ತೇ...

ಅದಾಗಿ ಎರಡು ತಿಂಗಳಿಗೆ ನಿನಗೆ ಕಾಮಾಲೆ. ನಿನ್ನ ಜೊತೆಯ ನರ್ಸೊಬ್ಬಳು ಅಂಗಡಿಗೆ ಗಿರಾಕಿಯಂತೆ ಬಂದು, ನೀನು ತೀರಿಕೊಂಡ ಸುದ್ದಿ ನನಗೆ ಹೇಳಿದಳು. ಮಣ್ಣಿಗೆ ಬಂದೆ, ಸ್ಮಶಾನದ ಗೇಟಿನ ಹೊರಗೆ ನಿಂತೆ. "ಈಕೀ ಮನಿಯವ್ರು ಯಾರರ ಬಂದೀರೇನ್ರಿ?" ಎಂದು ಪಾಸ್ಟರು ಕೇಳಿದರು. ನಾನು ಸೆರಗು ಮುಂದೆಳೆದುಕೊಂಡು ರಸ್ತೆಯ ಕಡೆ ತಿರುಗಿದೆ. ಹೊರಡುವಾಗ ಕಾಯಿಪಲ್ಲೆಗೆಂದು ಹೇಳಿದ ಸುಳ್ಳು ನಿಜವಾಗಲೆಂದು ದಾರಿಯಲ್ಲಿ ಮೆಂತ್ಯೆ ಸೊಪ್ಪು ಕೊಂಡೆ. ನಿನ್ನನ್ನು ಮಣ್ಣು ಮಾಡಿದ ದಿನ ಪಲ್ಲೆ ಮಾಡಿ ಎಲ್ಲರಿಗೂ ಬಡಿಸಿದೆ ಅಕ್ಕಾ.

ಅಂದಿನಿಂದ ನನ್ನ ತಾಟಿನ ರೊಟ್ಟಿ ಹಾಗೇ ಉಳಿಯತೊಡಗಿತು. ಮೊನ್ನೆ ಮಧ್ಯಾಹ್ನ ಅತ್ತೆ, "ಯಾಕವಾ, ಸೊರಗೀದಿ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಗೋಡೆ ಹಿಡಿದುಕೊಂಡು ಹೇಳಿದೆ. "ಅಕ್ಕಲಕೋಟ್ಯಾಗ ಕಂಡಾಕಿ ನನ್ನ ಒಡಹುಟ್ಟಿದಾಕಿರಿ. ಸತ್ತಾಳ. ಆಕಿ ನಂಬಿದ ಯೇಸುವನ್ನ ನಾನೂ ನಂಬೀನಿ." ಅತ್ತೆ ತಾಟು ಸರಿಸಿ ಎದ್ದರು. ಇವರು ಓಡಿಬಂದು ಮೊದಲು ಕಿಟಕಿ ಮುಚ್ಚಿದರು. "ತಲಿ ಕೆಟ್ಟೈತೇನು? ಎಮರ್ಜೆನ್ಸಿ ಐತಿ, ಯಾರರ ಚಾಡಿ ಹೇಳಿದ್ರ ಪೊಲೀಸ್ರು ಅಂಗಡಿಗೆ ಬರ್ತಾರ. ನಿಮ್ಮಪ್ಪ ನಮಗ ಸುಳ್ಳು ಹೇಳ್ಯಾನ. ಅವನ್ನ ಕರಕೊಂಡು ಬಾ. ಅಲ್ಲೀತನಾ ಕೂಸಿನ್ನ ಮುಟ್ಟಬ್ಯಾಡ," ಎಂದರು. ಮಗಳು ಒಳಕೋಣೆಯಲ್ಲಿ ಅಳುತ್ತಿದ್ದಳು. ನಾನು ಬರಿಗೈಯಲ್ಲಿ ಹೊರಬಿದ್ದೆ.

ತಡವಳಕ್ಕೆ ಹೋಗುವಷ್ಟರಲ್ಲಿ ಎರಡು ಸಲ ಬಸ್ಸು ಇಳಿದು ಹಿಂದಿರುಗಬೇಕೆನ್ನಿಸಿತು. ಅಪ್ಪ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ. ನೀನು ಹೋದದ್ದನ್ನು ಹೇಳಿದೆ, ಬಸ್ ಸ್ಟ್ಯಾಂಡಿನದನ್ನೂ ಹೇಳಿದೆ. "ನಾನೂ ಯೇಸುವಿನಾಕಿ ಆಗೀನಪ್ಪಾ," ಎಂದು ಕಣ್ಣು ಮುಚ್ಚಿದೆ. ಪೆಟ್ಟು ಬೀಳುತ್ತದೆಂದುಕೊಂಡಿದ್ದೆ. ಕಣ್ಣು ತೆರೆದರೆ ಅಪ್ಪ ಮೊರದೊಳಗೆ ಬೆರಳಾಡಿಸುತ್ತ ಕೂತಿದ್ದ. ಮೊರ ಪಕ್ಕಕ್ಕಿಟ್ಟು, "ಆಕಿನ್ನ ಎಲ್ಲಿ ಇಟ್ಟಾರ?" ಎಂದು ಕೇಳಿದ.

ನನ್ನ ಜೊತೆಗೇ ಬಂದ. ಇವರ ಎದುರು ನಿಂತು, "ಸುಳ್ಳು ಹೇಳಿದಾಂವ ನಾನು. ಈಕಿನ್ನ ಏನೂ ಅನಬ್ಯಾಡ್ರಿ," ಎಂದ. ಮಗಳು ಈಗ ನನ್ನ ಬಳಿ ಮಲಗಿದ್ದಾಳೆ. ನನ್ನ ಒಲೆ ಬೇರೆಯಾಗಿದೆ, ಹಿತ್ತಿಲಲ್ಲಿ. ಇವರು ಮಾತು ಬಿಟ್ಟಿದ್ದಾರೆ. ಇನ್ನೂ ಏನೇನಾಗುವುದೋ... ಬರುವ ಭಾನುವಾರ ನನ್ನ ದೀಕ್ಷಾಸ್ನಾನ. ನಂಬುತ್ತೀಯಾ ಎಂದು ಪಾಸ್ಟರು ಕೇಳಿದಾಗ ಧ್ವನಿ ಹೊರಡದಿದ್ದರೆ ತಲೆಯಾಡಿಸಿಯಾದರೂ ಹೌದೆನ್ನುತ್ತೇನೆ.

ಅಪ್ಪ ಕಟ್ಟೆಯ ಮೇಲೆ ಕೂತಿದ್ದಾನೆ, ಊಟ ಬೇಡವೆನ್ನುತ್ತಾನೆ. "ಆಕಿ ಮುಂದ ಏನಂತ ಮಾತಾಡ್ಲಿ?" ಎಂದು ಆಗಲೇ ಎರಡು ಸಲ ಕೇಳಿದ. ನಾಳೆ ಮುಂಜಾನೆ ಅವನನ್ನು ನಿನ್ನ ಹತ್ತಿರ ಕರೆದುಕೊಂಡು ಬರುತ್ತೇನೆ. ಅವನೂ ಹೆದರಿದ್ದಾನೆ ಅಕ್ಕಾ.

ನಿನ್ನ ತಂಗಿ,
ನೀಲಾ