ಹೆಬ್ಬೆರಳ ಗುರುತು

ಅಪ್ಪಾ,

ನಿಮ್ಮ ನಾಣ್ಯಗಳನ್ನು ಇವತ್ತು ಹೊಸ ಆಲ್ಬಮ್ಮಿಗೆ ಹಾಕಿದೆ. ನೋಡಿದ್ದರೆ ಎದೆ ಒಡೆದು ಸಾಯುತ್ತಿದ್ದಿರಿ. ಮೊದಲೇ ಸತ್ತು ತಪ್ಪಿಸಿಕೊಂಡಿರಿ.

ಬೆಲೆ ಕಟ್ಟಲು ಬಂದ ವ್ಯಾಪಾರಿ ಆ ದೊಡ್ಡ ಬೆಳ್ಳಿ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿ, "ಯಾರೋ ಬರಿಗೈಲಿ ಮುಟ್ಟಿದಾರೆ ಕಣಮ್ಮ, ಬೆವರು ಬೆಳ್ಳೀನ ತಿಂದಿದೆ. ಹೆಬ್ಬೆರಳಿನ ಗುರುತು, ಮಧ್ಯೆ ಅಡ್ಡ ಗೀರಿದೆ" ಎಂದ.

ಆ ಗೀರು ನಿಮ್ಮ ಹೆಬ್ಬೆರಳಿನದು, ಡಬ್ಬಿಯ ಮುಚ್ಚಳ ಕೊಯ್ದ ಹಳೆಯ ಗಾಯದ್ದು. ಅದೇ ಗುರುತಿಗಾಗಿ ಒಂಬತ್ತು ವರ್ಷದ ನನ್ನ ಬೆರಳುಗಳಿಗೆ ಸ್ಕೇಲಿನಲ್ಲಿ ಬಾರಿಸಿದ್ದಿರಿ. "ಎಣ್ಣೆಗೈಯೋಳೇ, ನನ್ನ ಕೋಣೆಗೆ ಕಾಲಿಡಬೇಡ" ಎಂದಿದ್ದಿರಿ. ನಾನು ಇಡಲೇ ಇಲ್ಲ, ಕೊನೆಯ ವಾರ ನೀವು ಅಲ್ಲೇ ಮಲಗಿ ಕರೆದಾಗಲೂ.

ವ್ಯಾಪಾರಿ ಹೋದ ಮೇಲೆ, ಕತ್ತಿನ ಬೆವರು ಒರೆಸಿದ ಹೆಬ್ಬೆರಳನ್ನು ಒಂದೊಂದೇ ನಾಣ್ಯಕ್ಕೆ ಒತ್ತಿದೆ. ನಾಣ್ಯ ಹಸಿರುಗಟ್ಟುತ್ತದೆಂದು ನೀವು ಮನೆಯೊಳಗೆ ಬಿಟ್ಟುಕೊಳ್ಳದ ಅಗ್ಗದ ಪ್ಲಾಸ್ಟಿಕ್ ಆಲ್ಬಮ್ಮಿನ ಜೇಬುಗಳಿಗೆ ತುರುಕಿದೆ.

ಕೊನೆಗೆ ಉಳಿದದ್ದು ಆ ಬೆಳ್ಳಿ ನಾಣ್ಯ. ಅದಕ್ಕೆ ಮಾತ್ರ ನಿಮ್ಮ ಹತ್ತಿಯ ಕೈಗವಸು ಹಾಕಿಕೊಂಡೆ. ಆ ಏಟಿಗೂ ಮೊದಲು ನೀವು ಹೇಳಿಕೊಟ್ಟಿದ್ದಂತೆ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಅಂಚನ್ನಷ್ಟೇ ಹಿಡಿದು, ಉಸಿರೂ ತಾಗದಂತೆ, ನಿಮ್ಮ ಹಳೆಯ ಆಲ್ಬಮ್ಮಿನ ಮೊದಲ ಪುಟದಲ್ಲೇ ಇಟ್ಟೆ.