ಸುಹಾಸಿನಿ ಅಕ್ಕನ ಪಕ್ಕದ ಕುರ್ಚಿ

12 ಜುಲೈ 1990

ಇವತ್ತೂ ಬೈಸಿಕೊಂಡೆ. ದುಬೈ ಟಿಕೆಟ್‌ನಲ್ಲಿ ಪ್ಯಾಸೆಂಜರ್ ಹೆಸರು ತಪ್ಪು ಬರೆದಿದ್ದೆ. ಒಂದೇ ಅಕ್ಷರ. ಪಕ್ಕದ ಕುರ್ಚಿಯ ಸುಹಾಸಿನಿ ಇಡೀ ಆಫೀಸಿಗೆ ಕೇಳುವ ಹಾಗೆ — "ನಿನ್ನ ಬರವಣಿಗಿ ಸಲುವಾಗಿ ಆ ಮನಷ್ಯಾ ಬಾಂಬೆ ಏರ್‌ಪೋರ್ಟಿನ್ಯಾಗ ಕುಂದರಬೇಕೇನು?"

ಲಿಂಗಸೂರಿನವಳು. ಈ ಟ್ರಾವೆಲ್ಸ್‌ನಲ್ಲಿ ಹಳಬಳು. ನಾನು ಸೇರಿ ತಿಂಗಳೂ ಆಗಿಲ್ಲ. ನಾಂಪಲ್ಲಿಯ ಆಫೀಸಿನಿಂದ ಮಲ್ಕಾಜ್‌ಗಿರಿಯ ಮನೆವರೆಗೆ ಬಸ್ಸಿನಲ್ಲಿ ಅಳು ನುಂಗಿಕೊಂಡು ಬಂದೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಕೆಲಸ ಬೇಡ ಅಂದುಬಿಡುತ್ತಾರೆ.

20 ಜುಲೈ

ಊಟದ ಹೊತ್ತಿಗೆ ನನ್ನ ಡಬ್ಬಿ ತೆಗೆದೆ. ಸುಹಾಸಿನಿ ತಿರುಗಿ ನೋಡಿದಳು.

"ಪುಂಡಿಪಲ್ಯ ಏನು? ಇಲ್ಲಿಯವರ ಗೋಂಗೂರ ತಿಂದು ತಿಂದು ನಾಲಿಗಿ ಸತ್ತುಹೋಗೇತಿ."

ಎರಡೂ ಒಂದೇ ಸೊಪ್ಪು ಅಂದೆ. "ಸೊಪ್ಪು ಒಂದ. ಕೈ ಬ್ಯಾರೆ." ಅರ್ಧ ಡಬ್ಬಿ ಖಾಲಿ.

ಗಂಡ ಮಲ್ಲಿಕಾರ್ಜುನ ಕುವೈತ್‌ನಲ್ಲಿದ್ದಾನೆ. ಗೋದಾಮಿನಲ್ಲಿ ಸ್ಟೋರ್‌ಕೀಪರ್. ಅವನ ಟಿಕೆಟ್ ಬರೆದದ್ದೂ ಇವಳೇ. ದೀಪಾವಳಿಗೆ ಬರುತ್ತಾನಂತೆ. ಇನ್ನು ಮೇಲೆ ಅಕ್ಕ ಅನ್ನು ಅಂದಳು... ಅಂದೆ.

3 ಆಗಸ್ಟ್

ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿದೆ. ಬಾಗಿಲು ತೆಗೆಯುವ ಮೊದಲೇ ಆಫೀಸಿನ ಮುಂದೆ ಜನ. ನಾವು ಕಳಿಸಿದವರ ತಾಯಂದಿರು, ಹೆಂಡಂದಿರು. ಫೋನ್ ಲೈನ್ ಸಿಗುತ್ತಿಲ್ಲ. ಅಕ್ಕ ಕೌಂಟರ್‌ನಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿದು — "ಕುಛ್ ನೈ ಹೋತಾ ಅಮ್ಮಾ. ಆ ಜಾತೇ ಸಬ್." ಏನೂ ಆಗುವುದಿಲ್ಲ, ಎಲ್ಲರೂ ಬಂದುಬಿಡುತ್ತಾರೆ ಅಂತ.

ಆಮೇಲೆ ಬಾತ್‌ರೂಮಿನಲ್ಲಿ ವಾಂತಿ ಮಾಡಿಕೊಂಡಳು. ಬೆನ್ನು ಸವರಿದೆ.

28 ಆಗಸ್ಟ್

ಬರೆಯುವುದೇ ಬಿಟ್ಟುಹೋಗಿತ್ತು. ಈಗ ಹೆಚ್ಚಾಗಿ ದಿಲ್‌ಸುಖ್‌ನಗರದಲ್ಲಿ ಅಕ್ಕನ ರೂಮಿನಲ್ಲೇ ಇರುತ್ತೇನೆ. ಅಪ್ಪ ಹೂಂ ಅಂದರು, ಆಶ್ಚರ್ಯ. ನಾನು ಬಡಿಸಿದ್ದನ್ನು ಅಕ್ಕ ಉಣ್ಣುವುದಿಲ್ಲ. ರೇಡಿಯೋ ಆರಿಸಲು ಬಿಡುವುದಿಲ್ಲ.

ಮಾಲೀಕರು ಅಮರೇಶಪ್ಪ ರಜೆ ತಗೋ ಅಂದರು.

"ಮನ್ಯಾಗ ಕುಂತು ಏನ್ ಮಾಡ್ಲಿರಿ? ಇಲ್ಲಿ ಫೋನರ ಐತಿ."

14 ಸೆಪ್ಟೆಂಬರ್

ಸುದ್ದಿ ಬಂತು!! ಬಾಂಬೆಗೆ ವಾಪಸ್ ಬಂದವನೊಬ್ಬ ಅಲ್ಲಿಂದ ಫೋನ್ ಮಾಡಿದ್ದ. ಮಲ್ಲಿಕಾರ್ಜುನ ಇರಾಕ್ ದಾಟಿ ಜೋರ್ಡಾನ್ ಗಡಿಯ ಟೆಂಟ್‌ನಲ್ಲಿದ್ದಾನೆ, ತಾನೇ ಕಣ್ಣಾರೆ ಕಂಡೆ ಅಂದ. ಅಲ್ಲಿಂದ ಅಮ್ಮಾನ್, ಅಮ್ಮಾನ್‌ನಿಂದ ಬಾಂಬೆಗೆ ಸರ್ಕಾರದ ವಿಮಾನ. ಅಕ್ಕ ಫೋನ್ ಇಟ್ಟು ಟೇಬಲ್ ಮೇಲೆ ತಲೆ ಇಟ್ಟು ಅತ್ತಳು. ಆಮೇಲೆ ಎದ್ದು ನನಗೇ ಬೈದಳು — "ಏನ್ ನೋಡಾಕತ್ತಿ? ಚಹಾ ಹೇಳು."

ಬಾಂಬೆಗೇ ಹೋಗಿ ಎದುರುಗೊಳ್ಳುತ್ತಾಳಂತೆ.

19 ಸೆಪ್ಟೆಂಬರ್. ಆಫೀಸಿನಲ್ಲಿ, ಬೆಳಿಗ್ಗೆ

ಅಕ್ಕ ರಿಸರ್ವೇಶನ್‌ಗೆಂದು ಸ್ಟೇಷನ್‌ಗೆ ಹೋಗಿದ್ದಾಳೆ.

ಅವಳು ಹೋದಮೇಲೆ ಒಬ್ಬ ಬಂದ. ಗಡ್ಡ, ಒಡೆದ ತುಟಿ. ಹೆಸರು ಸೂಗಪ್ಪ. ಕುವೈತ್‌ನಿಂದಲೇ ಬಂದವನು.

"ಮಲ್ಲಿಕಾರ್ಜುನನ ಮನಿಯವರು ನೀವೇನ್ರಿ?"

ಅಲ್ಲ, ಅವರು ಹೊರಗೆ ಹೋಗಿದ್ದಾರೆ ಅಂದೆ. ಕುರ್ಚಿಯಲ್ಲಿ ಕುಸಿದ.

"ಟೆಂಟಿನ್ಯಾಗ ವಾಂತಿ-ಭೇದಿ ಹತ್ತಿತ್ರಿ. ನೀರಿನ ಲಾರಿಗೆ ಮಂದಿ ಮುಗಿಬೀಳ್ತಿದ್ರು, ನಮಗ ಸಿಗತಿದ್ದಿಲ್ಲ. ಡಾಕ್ಟರು ಬರೂದ್ರಾಗ ಹೋಗಿಬಿಟ್ಟಾ. ಅಲ್ಲೇ ಮಣ್ಣು ಮಾಡಿದಿವ್ರಿ. ನಮ್ಮ ಪದ್ಧತಿ ಪ್ರಕಾರ ಕುಂದರಿಸಿ ಹುಗೀಬೇಕಂತ ಭಾಳ ಹೇಳಿದೆ... ಯಾರಿಗೆ ತಿಳಿತೈತ್ರಿ ನಮ್ಮ ಭಾಷಾ? ಮಲಗಿಸಿದ್ರು."

ಅಕ್ಕ ಬರುವವರೆಗೆ ಇರಿ ಅಂದೆ. ತಲೆ ಅಲ್ಲಾಡಿಸಿದ. "ಆ ತಾಯಿ ಮಾರಿ ನೋಡಾಕ ನನ್ನ ಕೈಲೆ ಆಗೂದಿಲ್ರಿ." ಹೋಗಿಬಿಟ್ಟ.

ಅಮರೇಶಪ್ಪನವರಿಗೆ ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನೀನ ಹೇಳವ್ವ. ನಿಮ್ಮಿಬ್ಬರದೂ ದೋಸ್ತಿ ಐತಿ. ನಾ ಹೇಳಿದ್ರ ಆಕಿ ಒಬ್ಬಾಕಿನ ಅಳಬೇಕಾಕ್ಕೈತಿ."

ಸುಮ್ಮನಿದ್ದರೆ ಕಿರುಚಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕೌಂಟರ್‌ನಲ್ಲಿ ಜನ. ಹಿಂದಿನ ರೂಮಿಗೆ ಕರೆದುಕೊಂಡು ಹೋಗಬೇಕು. ಮೊದಲು ಕೂರಿಸಬೇಕು. ಆಮೇಲೆ —

ಬಂದಳು. ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದಾಳೆ.

"ಶಿವದೇವಿ! ಬಾಂಬೆಗೆ ಸೀಟ್ ಸಿಕ್ತು. ನಿಂದೂ ತಗೊಂಡೀನಿ, ಒಬ್ಬಾಕೀನ ಹ್ಯಾಂಗ ಹೋಗ್ಲಿ?"

ನನ್ನ ಮುಖ ನೋಡಿದಳು. ನಗು ಇನ್ನೂ ಹಾಗೇ ಇದೆ. ಪೆನ್ನು ಇಟ್ಟು ಏಳುತ್ತಿದ್ದೇನೆ, ಅವಳನ್ನು ಹಿಂದಿನ ರೂಮಿಗೆ ಕರೆದೊಯ್ಯಬೇಕು.